ದೂರದಿಂದ ದೀಪ

ಮೇಲಿನ ಚಳಿಯಿಂದ ಎಂಜಿನ್ ಕೋಣೆಗೆ ಇಳಿದರೆ
ಮೊದಲು ಕುರುಡಾಗುವುದು ಕ್ಯಾಮೆರಾ.
ತಣ್ಣನೆ ಗಾಜಿಗೆ ಬಿಸಿ ಹಬೆ ಮೆತ್ತಿ
ಇಪ್ಪತ್ತು ನಿಮಿಷ ಏನೂ ಕಾಣದು.
ಏಣಿಯ ಬುಡದಲ್ಲಿ ಕೂತು ಕಾಯುತ್ತೇನೆ.
ಅಷ್ಟರಲ್ಲಿ, ನಾನು ಹಿಡಿಯಬೇಕೆಂದಿದ್ದದ್ದು
(ನಿಬಾಲ್ಡೊ, ಎಣ್ಣೆಗೈಯಲ್ಲಿ ಕೊಳವೆ ಹಿಡಿದು
ಕುದುರೆಯ ಹಾಗೆ ನಿಂತೇ ನಿದ್ದೆಹೋದದ್ದು)
ಮುಗಿದಿರುತ್ತದೆ.
ಎದ್ದು ಮೀಸೆ ತೀಡಿಕೊಂಡು
'ಹೂಂ, ಈಗ ತೆಗಿ' ಅನ್ನುತ್ತಾನೆ.
ತೆಗೆಯುತ್ತೇನೆ. ಪಾಪ, ಕೇಳಿದ್ದಾನೆ.

ಎಲ್ಲರಿಗೂ ಬೇಕು ಫಿರಂಗಿಯ ಪಕ್ಕದ ಪಟ.
ಅಮ್ಮನಿಗೊಂದು, ಹುಡುಗಿಗೊಂದು,
ಸಾಲ ವಾಪಸು ಕೇಳುವ ಭಾವನಿಗೂ ಒಂದು.
ನಮ್ಮದೋ, ಮೆಗಲ್ಲನ್ ಜಲಸಂಧಿಯ ದೀಪಸ್ತಂಭಗಳಿಗೆ
ಹಿಟ್ಟು, ಸೀಮೆಎಣ್ಣೆ, ಹಳೇ ಪತ್ರಿಕೆ ಹೊರುವ ಹಡಗು.
ಇರುವ ಒಂದೇ ಫಿರಂಗಿಯ ಹೊದಿಕೆಯೊಳಗೆ
ಅಡುಗೆಯವ ಈರುಳ್ಳಿ ಬಚ್ಚಿಡುತ್ತಾನೆ.

ರಡಾರ್ ಬರಬಾರದು ಪಟದಲ್ಲಿ.
ಕೊಲ್ಲಿಯ ಗುರುತು ಸಿಗಬಾರದು.
ಕಪ್ತಾನರ ಉಣ್ಣೆಯ ಕಾಲುಚೀಲ
ಹಗ್ಗದ ಮೇಲೆ ಒಣಗುವಾಗ, ಅದೂ ಬರಬಾರದು.
ಉಳಿದದ್ದು ನನ್ನದು:
ತಟ್ಟೆ ಜಾರದಂತೆ ಹಾಸಿದ ಒದ್ದೆ ಬಟ್ಟೆ,
ಅಲೆಗೆ ತಕ್ಕಂತೆ ಮೊಣಕಾಲು ಮಡಿಸಿ
ಕನ್ನಡಿಯಿಲ್ಲದೆ ಗಡ್ಡ ಹೆರೆಯುವವನ ಕತ್ತು,
ಬಂದ ಕಾಗದವನ್ನು ಒಡೆಯದೆ
ಮೂರು ದಿನ ಜೇಬಲ್ಲಿಟ್ಟು ತಿರುಗುವ ಹುಡುಗ.
ಮೂರು ತಿಂಗಳಿಗೆ ಎರಡು ಸುರುಳಿ ಫಿಲ್ಮು;
ಎಪ್ಪತ್ತೆರಡು ಸಲ ರೆಪ್ಪೆ ಬಡಿಯಬಹುದು, ಅಷ್ಟೆ.

ಆಲೂಗಡ್ಡೆ ಉಗ್ರಾಣವೇ ನನ್ನ ಕತ್ತಲೆಕೋಣೆ.
ಎಡಮಗ್ಗುಲ ದೀಪದ ಕೆಂಪು ಗಾಜು, ಒಡೆದದ್ದು.
ಹಡಗು ವಾಲಿದರೆ ತಟ್ಟೆಯ ದ್ರಾವಣವೂ ವಾಲಿ
ಮುಖಗಳು ಒಂದು ಕಿವಿಯಿಂದ ಶುರುವಾಗಿ ಮೂಡುತ್ತವೆ.
'ಕುಡಿಯುವ ನೀರಿಗೇ ಬರ,
ನಿನ್ನ ಪಟಕ್ಕೆ ಸ್ನಾನ ಬೇರೆ!'
ಎಂದು ಸಾರ್ಜೆಂಟ್ ಒಯಾರ್ಸೊ ಬೈದ ದಿನದಿಂದ
ಕಡಲ ನೀರಲ್ಲೇ ತೊಳೆಯುತ್ತೇನೆ,
ಕೊನೆಗೊಂದು ಲೋಟ ಸಿಹಿನೀರು, ನನ್ನ ಪಾಲಿನದು.
ಆ ಸಂಜೆ ಚಹಾ ಇಲ್ಲ.

ಎರ್ಸಿರಾ ಕೇಳಿದ್ದು ಮೇ ತಿಂಗಳಲ್ಲಿ.
ದೋಣಿಯಿಂದ ಹಿಟ್ಟಿನ ಮೂಟೆ ಇಳಿಸುತ್ತಿದ್ದೆವು.
ಕೊರಳಲ್ಲಿ ನೇತಾಡುವ ಪೆಟ್ಟಿಗೆ ನೋಡಿ ಅಂದಳು:
'ಹನ್ನೊಂದು ವರ್ಷ ಆಯಿತು ಈ ದೀಪ ಹಚ್ಚುತ್ತ.
ಗಂಡ ಮಲಗಿದರೆ ನಾನು, ನಾನು ಮಲಗಿದರೆ ಅವನು.
ದೂರದಿಂದ ಅದು ಹೇಗೆ ಕಾಣುತ್ತದೋ
ಇಬ್ಬರಿಗೂ ಗೊತ್ತಿಲ್ಲ.
ಒಂದು ಪಟ ತೆಗೆದುಕೊಡು.'

ಅಂದು ರಾತ್ರಿ ಮೂವತ್ತಾರನೆಯದೊಂದೇ ಬಾಕಿ.
ಹಿಟ್ಟಿನ ಖಾಲಿ ಚೀಲ ಸುರುಳಿ ಸುತ್ತಿ,
ಕಟಕಟೆಯ ಮೇಲೆ ಕ್ಯಾಮೆರಾ ಒತ್ತಿ ಹಿಡಿದು,
ಉಸಿರು ಕಟ್ಟಿ, ಕಣ್ಣು ಬಿಡಿಸಿ, ಮೂವತ್ತು ಎಣಿಸಿದೆ.
ನಾನು ಅಲುಗಲಿಲ್ಲ. ಕೆಳಗಿನದೆಲ್ಲ ಅಲುಗಿತು.

ಮೂಡಿದ್ದೇನು? ಗೋಪುರವಿಲ್ಲ, ದ್ವೀಪವಿಲ್ಲ.
ಕಪ್ಪು ಕಾಗದದ ಮೇಲೆ ಬೆಳ್ಳನೆ ಕೊಕ್ಕೆಗಳು,
ದೀಪ ಮಿಣುಕಿದಷ್ಟು ಸಲ ಒಂದೊಂದು,
ಅಕ್ಷರ ಕಲಿಯುವ ಮಗು ಬರೆದು
ಅರ್ಧಕ್ಕೆ ಎದ್ದುಹೋದ ಹಾಗೆ.

ಕೊಡಲೋ ಬೇಡವೋ ಎಂದು
ಆಗಸ್ಟಿನವರೆಗೂ ಪಂಚಾಂಗದೊಳಗಿಟ್ಟಿದ್ದೆ.
ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದಳು,
ತಿರುಗಿಸಿದಳು, ಮತ್ತೆ ತಿರುಗಿಸಿದಳು.
ಯಾವುದು ಮೇಲು ಎಂದು ನನಗೂ ಮರೆತಿತ್ತು.
ಗಂಡ ನಕ್ಕ: 'ಕೋಳಿ ಕೆದಕಿದಂತಿದೆ.'
ಅವಳು ನಗಲಿಲ್ಲ.
'ಈ ದೀಪ ಒಂದು ಕೂದಲೆಳೆಯೂ ಕದಲುವುದಿಲ್ಲ,
ನನಗೆ ಗೊತ್ತು' ಅಂದಳು.
'ಅಂದರೆ ನೀವು... ಇಷ್ಟು ಅಲುಗಾಡುತ್ತೀರಾ ಅಲ್ಲಿ?'

ಯಾರೂ ಕೇಳಿರಲಿಲ್ಲ ಹಾಗೆ.
ಮೂಟೆ ಎಣಿಸುವವನಂತೆ ಬಾಗಿಲತ್ತ ನೋಡಿದೆ.

ಹೊರಡುವಾಗ ಆರು ಮೊಟ್ಟೆ ಕೊಟ್ಟಳು,
ಒಂದೊಂದನ್ನೂ ಉಣ್ಣೆಯಲ್ಲಿ ಸುತ್ತಿ.
ಎರಡು ದೋಣಿಯಲ್ಲೇ ಒಡೆದವು.